ಹೆಸರು ಮತ್ತು ಪಾಲು: ‘ಜಡ’ದಿಂದ ‘ಬೌದ್ಧಿಕ ವೈಕಲ್ಯ’ದವರೆಗೆ ಒಂದು ಪದಚರಿತ್ರೆ

ಬುದ್ಧಿಶಕ್ತಿಯ ಬೆಳವಣಿಗೆ ವಯಸ್ಸಿಗೆ ತಕ್ಕಷ್ಟು ಆಗದಿರುವ ವ್ಯಕ್ತಿಗಳನ್ನು ಯಾವ ಹೆಸರಿನಿಂದ ಕರೆಯಬೇಕು, ಹಿಂದಿನಿಂದ ಬಂದ ಹೆಸರುಗಳಲ್ಲಿ ಯಾವುವನ್ನು ಕೈಬಿಡಬೇಕು ಎಂಬ ಚರ್ಚೆ ಕಳೆದ ಕೆಲವು ದಶಕಗಳಿಂದ ನಡೆಯುತ್ತ ಬಂದಿದೆ. ಹಳೆಯ ಪದಗಳು ಅವಮಾನಕರ, ಅವನ್ನು ಶಾಸನ, ಶಾಲೆ, ಪತ್ರಿಕೆಗಳಿಂದ ತೆಗೆದುಹಾಕಬೇಕು ಎಂದು ಒಂದು ಪಕ್ಷ ವಾದಿಸುತ್ತದೆ. ತಿರಸ್ಕಾರವಿರುವುದು ಮನಸ್ಸಿನಲ್ಲಿಯೇ ಹೊರತು ಪದದಲ್ಲಲ್ಲ, ಇಂದು ತಂದ ಗೌರವದ ಪದ ನಾಳೆ ಬೈಗುಳವಾಗುತ್ತದೆ, ಆದ್ದರಿಂದ ಈ ಶ್ರಮ ವ್ಯರ್ಥ ಎಂಬುದು ಇನ್ನೊಂದು ಪಕ್ಷದ ವಾದ. ಎರಡೂ ಪಕ್ಷಗಳು ಪದವನ್ನು ಕೇವಲ ಸಂಬೋಧನೆಯೆಂದು ಭಾವಿಸಿದಂತೆ ತೋರುತ್ತದೆ. ಆದರೆ ನಮ್ಮ ದೇಶದ ಚರಿತ್ರೆಯಲ್ಲಿ ಈ ಪದಗಳು ಬಹುಮಟ್ಟಿಗೆ ಸಂಬೋಧನೆಗಳಾಗಿರಲಿಲ್ಲ. ಅವು ಆಸ್ತಿಯ ಪಾಲು, ವಿವಾಹ, ಸಂತಾನ, ಶಿಕ್ಷೆ, ಉದ್ಯೋಗಗಳ ವಿಷಯದಲ್ಲಿ ಒಬ್ಬ ವ್ಯಕ್ತಿಯನ್ನು ಒಳಗಿಡಬೇಕೋ ಹೊರಗಿಡಬೇಕೋ ಎಂಬುದನ್ನು ನಿರ್ಣಯಿಸುವ ಪಾರಿಭಾಷಿಕ ಪದಗಳಾಗಿದ್ದವು. ಈ ದೃಷ್ಟಿಯಿಂದ ಅವುಗಳ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚರ್ಚೆಯನ್ನು ಕರ್ನಾಟಕದ ನೆಲದಿಂದಲೇ ಆರಂಭಿಸಲು ಸಾಧ್ಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರ’ ವ್ಯಾಖ್ಯಾನವು ಬಂಗಾಳ ಮೊದಲಾದ ಕೆಲವು ಪ್ರದೇಶಗಳನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ದಾಯಭಾಗ ವಿಚಾರಕ್ಕೆ ಪ್ರಮಾಣಗ್ರಂಥವಾಯಿತೆಂಬುದು ಸುವಿದಿತ. ಪಿತ್ರಾರ್ಜಿತದಲ್ಲಿ ಪಾಲಿಗೆ ಅನರ್ಹರಾದವರ ಪಟ್ಟಿಯೊಂದು ಆ ಸ್ಮೃತಿಯಲ್ಲಿದೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿಯೂ ಇಂಥದೇ ಪಟ್ಟಿ ಬರುತ್ತದೆ. ಕ್ಲೀಬ, ಪತಿತ, ಕುಂಟ, ಉನ್ಮತ್ತ, ಕುರುಡ, ವಾಸಿಯಾಗದ ರೋಗವುಳ್ಳವನು ಇವರ ಜೊತೆಗೆ ‘ಜಡ’ನೂ ಅಲ್ಲಿದ್ದಾನೆ. ಪಟ್ಟಿಯಲ್ಲಿ ‘ಉನ್ಮತ್ತ’ನೂ ‘ಜಡ’ನೂ ಬೇರೆಬೇರೆಯಾಗಿರುವುದನ್ನು ಗಮನಿಸಬೇಕು. ವಾತಪಿತ್ತಾದಿ ದೋಷಗಳಿಂದಲೋ ಗ್ರಹಾವೇಶದಿಂದಲೋ ಉನ್ಮಾದಕ್ಕೊಳಗಾದವನು ಉನ್ಮತ್ತ. ಜಡನಾದರೋ ಅಂತಃಕರಣವೇ ವಿಕಲವಾಗಿರುವವನು, ತನಗೆ ಯಾವುದು ಹಿತ ಯಾವುದು ಅಹಿತ ಎಂಬುದನ್ನು ನಿಶ್ಚಯಿಸಲಾರದವನು ಎಂದು ವಿಜ್ಞಾನೇಶ್ವರನು ವಿವರಿಸುತ್ತಾನೆ. ಮಾನಸಿಕ ಕಾಯಿಲೆಗೂ ಬೌದ್ಧಿಕ ವೈಕಲ್ಯಕ್ಕೂ ಇರುವ ಭೇದವನ್ನು ಅವನು ಸ್ಪಷ್ಟವಾಗಿ ಕಂಡಿದ್ದನು. ಆಧುನಿಕ ಭಾರತದ ಕಾನೂನಿಗೆ ಈ ಭೇದ ಸ್ಪಷ್ಟವಾಗಲು ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

ಹಾಗೆಂದು ಮಿತಾಕ್ಷರದ ವ್ಯವಸ್ಥೆ ಉದಾರವಾಗಿತ್ತೆಂದು ಹೇಳಲಾಗದು. ಜಡನಿಗೆ ಪಾಲಿಲ್ಲ, ಅನ್ನವಸ್ತ್ರದ ಹಕ್ಕು ಮಾತ್ರ ಇದೆ. ಆದರೂ ವಿಜ್ಞಾನೇಶ್ವರನು ಹಾಕುವ ಮಿತಿಗಳು ಗಮನಾರ್ಹವಾಗಿವೆ. ವಿಭಾಗವಾಗುವ ಮೊದಲೇ ದೋಷವಿದ್ದರೆ ಮಾತ್ರ ಪಾಲು ತಪ್ಪುತ್ತದೆ, ವಿಭಾಗವಾದ ಮೇಲೆ ಬಂದ ದೋಷದಿಂದ ಪಡೆದ ಪಾಲು ಹೋಗುವುದಿಲ್ಲ. ಔಷಧಾದಿಗಳಿಂದ ದೋಷ ನಿವಾರಣೆಯಾದರೆ ಪಾಲು ಮತ್ತೆ ದೊರೆಯಬೇಕು. ನಿರ್ದೋಷಿಗಳಾದ ಅವನ ಮಕ್ಕಳಿಗೆ ಪಾಲುಂಟು. ಜಡನ ವಿವರಣೆಯಲ್ಲಿ ಹುಟ್ಟಿನ ಪ್ರಸ್ತಾಪವೇ ಇಲ್ಲ. ಅಂದರೆ ‘ಜಡ’ವೆಂಬುದು ಆ ಶಾಸ್ತ್ರದಲ್ಲಿ ಒಂದು ಸ್ಥಿತಿಯ ಹೆಸರಾಗಿತ್ತು.

ಇದು ಒಂದು ಜಾತಿಯ ಮನುಷ್ಯರ ಹೆಸರಾದದ್ದು ಭಾಷಾಂತರದಲ್ಲಿ. 1810ರಲ್ಲಿ ಕಲ್ಕತ್ತೆಯಲ್ಲಿ ಹೆನ್ರಿ ಥಾಮಸ್ ಕೋಲ್‌ಬ್ರೂಕ್ ಮಿತಾಕ್ಷರದ ದಾಯ ಪ್ರಕರಣವನ್ನು ಇಂಗ್ಲಿಷಿಗೆ ತಂದಾಗ ‘ಜಡ’ಕ್ಕೆ ‘ಈಡಿಯಟ್’ ಎಂಬ ಪದವನ್ನು ಇಟ್ಟನು. ಆ ಕಾಲಕ್ಕೆ ಅದು ಬೈಗುಳವಾಗಿರಲಿಲ್ಲ, ಇಂಗ್ಲೆಂಡಿನ ಕಾನೂನಿನ ಶಿಷ್ಟ ಪದವೇ ಆಗಿತ್ತು. ಗ್ರೀಕಿನಲ್ಲಿ ಸಾರ್ವಜನಿಕ ವ್ಯವಹಾರಕ್ಕೆ ಬಾರದ ಖಾಸಗಿ ವ್ಯಕ್ತಿ ಎಂಬ ಅರ್ಥದಿಂದ ಹೊರಟ ಆ ಪದಕ್ಕೆ ಮಧ್ಯಯುಗದ ಇಂಗ್ಲೆಂಡಿನಲ್ಲಿ ಹುಟ್ಟಿನಿಂದಲೇ ಬುದ್ಧಿಯಿಲ್ಲದವನು ಎಂಬ ಖಚಿತ ಅರ್ಥ ಬಂದಿತ್ತು. ಬುದ್ಧಿ ಬಂದುಹೋಗುವವನು ‘ಲ್ಯೂನಟಿಕ್’. ಈ ಭೇದಕ್ಕೂ ಆಸ್ತಿಯೇ ಕಾರಣ: ಮೊದಲನೆಯವನ ಭೂಮಿಯ ಉತ್ಪನ್ನವನ್ನು ಅರಸನು ತಾನೇ ಅನುಭವಿಸಬಹುದಿತ್ತು, ಎರಡನೆಯವನದನ್ನು ಅವನಿಗಾಗಿ ಕಾದಿಡಬೇಕಾಗಿತ್ತು. ಹೀಗೆ ಕಲ್ಯಾಣದ ‘ಜಡ’ನು ಕೋಲ್‌ಬ್ರೂಕನ ಪುಟದಲ್ಲಿ ಇಂಗ್ಲೆಂಡಿನ ‘ಈಡಿಯಟ್’ ಆದನು. ಜೊತೆಗೆ ಜನ್ಮದ ಮುದ್ರೆಯೂ ಅವನಿಗೆ ಅಂಟಿಕೊಂಡಿತು. 1928ರ ಹಿಂದೂ ದಾಯಾನರ್ಹತೆ ನಿವಾರಣಾ ಕಾಯಿದೆಯಲ್ಲಿ ಇದರ ಪರಿಣಾಮವನ್ನು ಕಾಣಬಹುದು. ರೋಗ, ಅಂಗವಿಕಾರ, ದೈಹಿಕ ಮಾನಸಿಕ ನ್ಯೂನತೆಗಳ ಕಾರಣದಿಂದ ಯಾರನ್ನೂ ಪಾಲಿನಿಂದ ಹೊರಗಿಡಬಾರದೆಂದು ವಿಧಿಸಿದ ಆ ಕಾಯಿದೆ ಹುಟ್ಟಿನಿಂದ ‘ಲ್ಯೂನಟಿಕ್’ ಅಥವಾ ‘ಈಡಿಯಟ್’ ಆಗಿರುವವರನ್ನು ಮಾತ್ರ ಈ ಉಪಕಾರದಿಂದ ಹೊರಗಿಟ್ಟಿತು. ಕುರುಡನಿಗೆ ಬಾಗಿಲು ತೆರೆಯಿತು, ಜಡನಿಗೆ ಇಲ್ಲ. ಬಂಗಾಳದ ದಾಯಭಾಗ ಪದ್ಧತಿಯವರಿಗೆ ಈ ಕಾಯಿದೆ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಇದು ಮುಖ್ಯವಾಗಿ ಮಿತಾಕ್ಷರದ ಸೀಮೆಯ ಕಾನೂನು, ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ ಜಿಲ್ಲೆಗಳೂ ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿಯೂ ಇದರ ವ್ಯಾಪ್ತಿಯಲ್ಲಿದ್ದವು. ರೋಗ, ನ್ಯೂನತೆ, ಅಂಗವಿಕಾರದ ಕಾರಣದಿಂದ ಯಾರಿಗೂ ಉತ್ತರಾಧಿಕಾರ ತಪ್ಪಬಾರದೆಂದು ಪೂರ್ಣವಾಗಿ ವಿಧಿಸಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಪ್ರಕರಣ. ಅಂದಿಗೆ ವಿಜ್ಞಾನೇಶ್ವರನ ಜಡನಿಗೆ ಪಾಲು ದೊರೆಯಿತು.

ಆದರೆ ಹೆಸರು ಉಳಿಯಿತು. 1912ರ ಭಾರತೀಯ ಲ್ಯೂನಸಿ ಕಾಯಿದೆಯು ‘ಲ್ಯೂನಟಿಕ್’ ಎಂದರೆ ಈಡಿಯಟ್ ಅಥವಾ ಅಸ್ವಸ್ಥಚಿತ್ತ ವ್ಯಕ್ತಿ ಎಂದು ನಿರೂಪಿಸಿ, ಹಿಂದಿನ ಶಾಸ್ತ್ರಕಾರರು ಬೇರೆಯಾಗಿಟ್ಟಿದ್ದ ಎರಡು ವರ್ಗಗಳನ್ನು ಒಂದೇ ಸೂರಿನಡಿ ತಂದಿತು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ವಧೂವರರು ‘ಈಡಿಯಟ್’ ಅಥವಾ ‘ಲ್ಯೂನಟಿಕ್’ ಆಗಿರಬಾರದೆಂಬ ಷರತ್ತಿತ್ತು. 1976ರ ತಿದ್ದುಪಡಿಯಲ್ಲಿ ಆ ಪದಗಳು ಹೋದವು. 1860ರ ದಂಡ ಸಂಹಿತೆಯ 305ನೆಯ ಪ್ರಕರಣದಲ್ಲಿ, ಯಾರ ಆತ್ಮಹತ್ಯೆಗೆ ಪ್ರೇರೇಪಿಸಿದರೆ ಹೆಚ್ಚಿನ ಶಿಕ್ಷೆಯೋ ಅವರ ಪಟ್ಟಿಯಲ್ಲಿ ‘ಈಡಿಯಟ್’ ಒಂದು ಪ್ರತ್ಯೇಕ ವರ್ಗವಾಗಿ 164 ವರ್ಷ ಉಳಿದುಬಂದಿತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಅದರ 107ನೆಯ ಪ್ರಕರಣದಲ್ಲಿ ಆ ಪದವನ್ನು ಕೈಬಿಡಲಾಯಿತು.

ಇನ್ನು ವೈದ್ಯಶಾಸ್ತ್ರದ ಕಡೆಗೆ ಸಂಕ್ಷಿಪ್ತವಾಗಿ ನೋಡಬಹುದು. ಹತ್ತೊಂಬತ್ತನೆಯ ಶತಮಾನದ ಯುರೋಪು, ಅಮೆರಿಕಗಳಲ್ಲಿ ಈಡಿಯಟ್, ಇಂಬೆಸೈಲ್ ಎಂಬುವು ಪಾಠಪುಸ್ತಕದ ಪದಗಳಾಗಿದ್ದವು. ಫ್ರಾನ್ಸಿನಲ್ಲಿ ಆಲ್ಫ್ರೆಡ್ ಬಿನೇ ಮತ್ತು ಥಿಯೊಡೋರ್ ಸಿಮೋನ್ 1905ರಲ್ಲಿ ಬುದ್ಧಿಮಾಪನದ ಪರೀಕ್ಷೆಯನ್ನು ರೂಪಿಸಿದ ಮೇಲೆ, ಅಮೆರಿಕದ ಹೆನ್ರಿ ಗಾಡರ್ಡ್ 1910ರಲ್ಲಿ ಎಂಟರಿಂದ ಹನ್ನೆರಡು ವರ್ಷದ ಮಾನಸಿಕ ವಯಸ್ಸಿನವರಿಗೆ ಗ್ರೀಕ್ ಧಾತುವಿನಿಂದ ‘ಮೋರಾನ್’ ಎಂಬ ಹೊಸ ಪದವನ್ನೇ ನಿರ್ಮಿಸಿದನು. ಇದು ಜನರ ಬಾಯಿಂದ ಶಾಸ್ತ್ರಕ್ಕೆ ಬಂದ ಪದವಲ್ಲ, ಶಾಸ್ತ್ರದಿಂದ ಜನರ ಬಾಯಿಗೆ ಹೋದ ಬೈಗುಳ. 1927ರಲ್ಲಿ ವರ್ಜೀನಿಯ ರಾಜ್ಯದ ಕಡ್ಡಾಯ ಸಂತಾನಶಕ್ತಿಹರಣದ ಕಾನೂನನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಾಗ ಈ ವರ್ಗೀಕರಣದ ಪದಗಳೇ ಅದಕ್ಕೆ ಆಧಾರವಾದವು. ಈ ಕ್ಷೇತ್ರದ ಅಮೆರಿಕದ ಪ್ರಮುಖ ತಜ್ಞಸಂಘ 1876ರಲ್ಲಿ ಸ್ಥಾಪನೆಯಾದಂದಿನಿಂದ ಐದು ಹೆಸರುಗಳನ್ನು ಕಂಡಿದೆ; ಇಂದಿನ ಹೆಸರು 2007ರದು. 2010ರಲ್ಲಿ ಅಮೆರಿಕದ ‘ರೋಸಾಳ ಕಾನೂನು’ ಒಕ್ಕೂಟದ ಹಲವು ಶಾಸನಗಳಲ್ಲಿದ್ದ ‘ಮೆಂಟಲ್ ರಿಟಾರ್ಡೇಷನ್’ ಎಂಬುದನ್ನು ‘ಇಂಟೆಲೆಕ್ಚುಅಲ್ ಡಿಸೆಬಿಲಿಟಿ’ ಎಂದು ಬದಲಿಸಿತು. ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ 1994ರಲ್ಲಿ ಈ ಬಗೆಯ ಬದಲಾವಣೆಗಳಿಗೆ ನಡೆದಷ್ಟೂ ಮುಂದೆ ಹೋಗದ ತುಳಿಯಂತ್ರದ ಹೋಲಿಕೆಯನ್ನು ಕೊಟ್ಟಿದ್ದರು. ನಾವಾದರೆ ಗಾಣದೆತ್ತಿನ ಸುತ್ತು ಎನ್ನುತ್ತಿದ್ದೆವು.

ಪದ ಬದಲಿಸುವುದು ವ್ಯರ್ಥವೆನ್ನುವವರ ವಾದಕ್ಕೆ ಈ ಹೋಲಿಕೆಯೇ ಆಧಾರ. ಇದರಲ್ಲಿ ಸತ್ಯಾಂಶವಿದೆ. ಬೆಂಗಳೂರಿನಲ್ಲಿ 1847ರಲ್ಲಿ ಆರಂಭವಾದ ‘ಲ್ಯೂನಟಿಕ್ ಅಸೈಲಂ’ಗೆ ಮೈಸೂರು ಸರ್ಕಾರವು 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಎಂಬ ಗೌರವದ ಹೆಸರನ್ನಿಟ್ಟಿತು. 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡ ಸಂಸ್ಥೆಯ ಪೂರ್ವೇತಿಹಾಸ ಇದು. ಜನರ ಬಾಯಲ್ಲಿ ಅದು ‘ಹುಚ್ಚಾಸ್ಪತ್ರೆ’ಯಾಗಿಯೇ ಉಳಿದದ್ದಲ್ಲದೆ, ‘ಮೆಂಟಲ್’ ಎಂಬ ಆ ಸಭ್ಯ ವಿಶೇಷಣವೇ ಇಂದು ಕನ್ನಡದ ಬೀದಿಗಳಲ್ಲಿ ಹೊಸ ಬೈಗುಳವಾಗಿದೆ. ವಿಶೇಷ ಶಾಲೆಗಳಲ್ಲಿ ಸಂಕ್ಷೇಪವೆಂದು ಹುಟ್ಟಿದ ‘ಎಂ.ಆರ್.’ ಎಂಬ ಎರಡಕ್ಷರವೂ ಇದೇ ದಾರಿ ಹಿಡಿಯಿತು. ಆದರೆ ಗಾಣದೆತ್ತು ಸುತ್ತುವಾಗ ಎಣ್ಣೆಯೂ ಬರುತ್ತದೆ ಎಂಬುದನ್ನು ಈ ವಾದ ಮರೆಯುತ್ತದೆ. ಹೆಸರಿನ ಬದಲಾವಣೆ ಹಕ್ಕಿನ ಬದಲಾವಣೆಯೂ ಆದ ಒಂದು ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗಿದೆ.

1971ರ ವೈದ್ಯಕೀಯ ಗರ್ಭಪಾತ ಕಾಯಿದೆಯಲ್ಲಿ, ಗರ್ಭಿಣಿಯು ಪ್ರಾಪ್ತವಯಸ್ಕಳಾಗಿದ್ದರೂ ‘ಲ್ಯೂನಟಿಕ್’ ಆಗಿದ್ದರೆ ಅವಳ ಬದಲು ಪೋಷಕರ ಲಿಖಿತ ಒಪ್ಪಿಗೆ ಇರಬೇಕೆಂದಿತ್ತು. ಆ ಪದಕ್ಕೆ 1912ರ ಕಾಯಿದೆಯ ಅರ್ಥವನ್ನೇ ಎರವಲು ಪಡೆಯಲಾಗಿತ್ತು. ಪರಿಣಾಮವಾಗಿ ಬೌದ್ಧಿಕ ವೈಕಲ್ಯವುಳ್ಳ ಸ್ತ್ರೀಯೂ ಅದರೊಳಗೆ ಬರುತ್ತಿದ್ದಳು. 1987ರ ಮಾನಸಿಕ ಆರೋಗ್ಯ ಕಾಯಿದೆಯು ‘ಲ್ಯೂನಟಿಕ್’ ಪದವನ್ನು ಬಿಟ್ಟು ‘ಮಾನಸಿಕ ಅಸ್ವಸ್ಥ ವ್ಯಕ್ತಿ’ ಎಂಬುದನ್ನು ತಂದು, ಅದರ ನಿರೂಪಣೆಯಿಂದ ಬುದ್ಧಿಮಾಂದ್ಯವನ್ನು ಹೊರಗಿಟ್ಟಿತು. ವಿಜ್ಞಾನೇಶ್ವರನ ಉನ್ಮತ್ತ-ಜಡ ಭೇದ ಹೀಗೆ ಶಾಸನಕ್ಕೆ ಮರಳಿತು. 2002ರಲ್ಲಿ ಗರ್ಭಪಾತ ಕಾಯಿದೆಗೂ ಇದೇ ತಿದ್ದುಪಡಿ ಬಂದಿತು. ಆಗ ಅದನ್ನು ಅವಮಾನಕರ ಪದವೊಂದರ ನಿವಾರಣೆ ಎಂದಷ್ಟೇ ಓದಿಕೊಳ್ಳಬಹುದಾಗಿತ್ತು. ಏಳು ವರ್ಷಗಳ ಬಳಿಕ ಚಂಡೀಗಢದಲ್ಲಿ, ಸರ್ಕಾರಿ ಆಶ್ರಯದಲ್ಲಿದ್ದಾಗ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾಗಿದ್ದ, ಅಲ್ಪ ಪ್ರಮಾಣದ ಬುದ್ಧಿಮಾಂದ್ಯವಿದ್ದ ಅನಾಥ ಯುವತಿಯೊಬ್ಬಳ ಗರ್ಭವನ್ನು ತೆಗೆಸಲು ಆಡಳಿತವು ಉಚ್ಚ ನ್ಯಾಯಾಲಯದ ಅನುಮತಿ ಪಡೆಯಿತು. ಮಗು ಬೇಕೆಂದು ಆಕೆ ಹೇಳಿದ್ದಳು. ‘ಸುಚಿತಾ ಶ್ರೀವಾಸ್ತವ ವಿರುದ್ಧ ಚಂಡೀಗಢ ಆಡಳಿತ’ ಎಂಬ ಆ ಪ್ರಕರಣದಲ್ಲಿ 2009ರ ಆಗಸ್ಟ್ 28ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ನಿಂತದ್ದು 2002ರ ತಿದ್ದುಪಡಿಯ ಮೇಲೆ. ಮಾನಸಿಕ ಅಸ್ವಸ್ಥತೆ ಬೇರೆ, ಬುದ್ಧಿಮಾಂದ್ಯ ಬೇರೆ. ಪೋಷಕರ ಒಪ್ಪಿಗೆಯ ವಿನಾಯಿತಿ ಮೊದಲನೆಯದಕ್ಕೆ ಮಾತ್ರ. ಆದ್ದರಿಂದ ಆಕೆಯ ಸ್ವಂತ ಒಪ್ಪಿಗೆಯಿಲ್ಲದೆ ಗರ್ಭವನ್ನು ತೆಗೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಹಳೆಯ ಪದ ಉಳಿದಿದ್ದರೆ ಈ ತರ್ಕಕ್ಕೆ ಎಡೆಯೇ ಇರುತ್ತಿರಲಿಲ್ಲ.

ಆದರೆ ಇದೇ ಬದಲಾವಣೆ ಇನ್ನೊಂದೆಡೆ ವಿಪರೀತ ಫಲವನ್ನು ಕೊಡಬಹುದಾಗಿತ್ತು. ತಾನು ಮಾಡುತ್ತಿರುವುದೇನೆಂದು ತಿಳಿಯಲಾರದ ವ್ಯಕ್ತಿಯ ಕೃತ್ಯ ಅಪರಾಧವಲ್ಲವೆಂದು ದಂಡ ಸಂಹಿತೆಯ 84ನೆಯ ಪ್ರಕರಣ ಹೇಳುತ್ತಿತ್ತು. ಅಲ್ಲಿದ್ದ ಪದ ‘ಅಸ್ವಸ್ಥಚಿತ್ತತೆ’. 2023ರ ಆಗಸ್ಟಿನಲ್ಲಿ ಮಂಡಿಸಿದ ನ್ಯಾಯ ಸಂಹಿತೆಯ ಮೊದಲ ಮಸೂದೆಯು ಈ ಹಳೆಯ ಪದವನ್ನು ತೆಗೆದು ‘ಮಾನಸಿಕ ಕಾಯಿಲೆ’ ಎಂದು ಬರೆಯಿತು. ಮೇಲುನೋಟಕ್ಕೆ ಇದು ಸಭ್ಯತೆಯ ಕಡೆಗಿನ ಹೆಜ್ಜೆ. ಆದರೆ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ ನಿರೂಪಣೆಯಂತೆ ಮಾನಸಿಕ ಕಾಯಿಲೆಯಲ್ಲಿ ಬುದ್ಧಿಮಾಂದ್ಯ ಸೇರುವುದಿಲ್ಲ. ಆ ಅರ್ಥದಲ್ಲಿ ಓದಿದ್ದರೆ ಬೌದ್ಧಿಕ ವೈಕಲ್ಯವುಳ್ಳ ಆರೋಪಿಗೆ ಒಂದೂವರೆ ಶತಮಾನದಿಂದ ಇದ್ದ ರಕ್ಷಣೆಯೇ ತಪ್ಪಿಹೋಗುತ್ತಿತ್ತು. ಪದದ ವ್ಯಾಪ್ತಿಯ ಬಗ್ಗೆ ಆಕ್ಷೇಪಗಳು ಬಂದು, ಡಿಸೆಂಬರಿನ ಪರಿಷ್ಕೃತ ಮಸೂದೆಯಲ್ಲಿ ಹಳೆಯ ಪದವೇ ಮರಳಿತು. ಒಂದೇ ಭೇದ ಚಂಡೀಗಢದ ಯುವತಿಗೆ ಹಕ್ಕನ್ನು ಕೊಟ್ಟಿತು. ಅದೇ ಭೇದ ಇಲ್ಲಿ ರಕ್ಷಣೆಯನ್ನು ಕಸಿಯಲಿತ್ತು. ಪದವನ್ನು ಕೈಬಿಡಬೇಕೇ ಎಂಬ ಪ್ರಶ್ನೆಯನ್ನು ಆ ಪದ ಕುಳಿತಿರುವ ಪ್ರಕರಣದಿಂದ ಬೇರ್ಪಡಿಸಿ ಕೇಳಲಾಗದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಉದ್ಯೋಗದ ಪಾಲಿನ ವಿಷಯದಲ್ಲಿಯೂ ಹೆಸರು ಮತ್ತು ಹಕ್ಕು ಜೊತೆಜೊತೆಯಾಗಿ ಬದಲಾದುವು. 1995ರ ಅಂಗವಿಕಲ ವ್ಯಕ್ತಿಗಳ ಕಾಯಿದೆ ‘ಬುದ್ಧಿಮಾಂದ್ಯ’ವನ್ನು ಅಂಗವಿಕಲತೆಗಳಲ್ಲಿ ಎಣಿಸಿತಾದರೂ ಸರ್ಕಾರಿ ಹುದ್ದೆಗಳ ಶೇ. 3ರ ಮೀಸಲಾತಿಯನ್ನು ದೃಷ್ಟಿ, ಶ್ರವಣ ಮತ್ತು ಚಲನ ವೈಕಲ್ಯಗಳಿಗೇ ಹಂಚಿತು. ಜಡನಿಗೆ ಇಲ್ಲಿಯೂ ಪಾಲಿರಲಿಲ್ಲ ಎನ್ನಬೇಕು. 2016ರ ಕಾಯಿದೆಯು ‘ಬೌದ್ಧಿಕ ವೈಕಲ್ಯ’ ಎಂಬ ಹೊಸ ಹೆಸರಿನೊಂದಿಗೆ, ಶೇ. 4ಕ್ಕೆ ಏರಿದ ಮೀಸಲಾತಿಯಲ್ಲಿ ಆಟಿಸಂ, ಕಲಿಕಾ ವೈಕಲ್ಯ, ಮಾನಸಿಕ ಕಾಯಿಲೆ ಮೊದಲಾದವುಗಳ ಜೊತೆ ಹಂಚಿಕೊಳ್ಳಬೇಕಾದ ಶೇ. 1ರ ಪಾಲನ್ನೂ ತಂದಿತು. ಇದೇ ಕಾಯಿದೆಯ ಅನುಸೂಚಿಯಲ್ಲಿ ಮಾನಸಿಕ ಕಾಯಿಲೆಯನ್ನು ನಿರೂಪಿಸುವ ಕಡೆ ಹಳೆಯ ‘ರಿಟಾರ್ಡೇಷನ್’ ಪದ ಹಾಗೆಯೇ ನುಸುಳಿಕೊಂಡಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೂ ತನ್ನ ಶೀರ್ಷಿಕೆಯಲ್ಲಿಯೇ ಅದನ್ನು ಹೊತ್ತಿದೆ.

ಈಗ ಕನ್ನಡದ ಪದಗಳನ್ನು ನೋಡೋಣ. ಪೆದ್ದ, ದಡ್ಡ, ಮಂಕ, ಬೆಪ್ಪ, ಮೊದ್ದ, ಗಾಂಪ ಮುಂತಾದ ಅಚ್ಚಗನ್ನಡ ಪದಗಳು ಮನೆಯಂಗಳದ ಗದರಿಕೆಗಳು. ಶಾಸ್ತ್ರದ ಪಟ್ಟಿಗಳಲ್ಲಿ ಅವು ಸೇರಲಿಲ್ಲ, ಯಾರ ಪಾಲನ್ನೂ ಕಿತ್ತುಕೊಳ್ಳಲಿಲ್ಲ. ತಾಯಿ ಮಗುವನ್ನು ಮುದ್ದಿನಿಂದ ‘ಪೆದ್ದು’ ಎನ್ನುತ್ತಾಳೆ, ಡಿ.ವಿ.ಜಿ.ಯವರು ‘ಮಂಕುತಿಮ್ಮ’ನೆಂಬ ಹೆಸರಿನಲ್ಲಿ ತತ್ತ್ವವನ್ನು ನುಡಿದರು. ಪುರಾಣದ ಜಡಭರತನು ಲೋಕಕ್ಕೆ ಜಡನಂತೆ ತೋರುತ್ತಿದ್ದ ಜ್ಞಾನಿ. ಧಾರವಾಡದ ಮನೋಹರ ಗ್ರಂಥಮಾಲೆಯ ಜಿ.ಬಿ. ಜೋಶಿಯವರು ಅದನ್ನೇ ಕಾವ್ಯನಾಮವಾಗಿ ಧರಿಸಿದರು. ಇಂಥ ಪದಗಳನ್ನು ಭಾಷೆಯಿಂದ ತೊಡೆಯಹೊರಡುವುದು ಅಸಾಧ್ಯವೂ ಹೌದು, ಅನಗತ್ಯವೂ ಹೌದು. ವೈಕಲ್ಯವುಳ್ಳ ವ್ಯಕ್ತಿಯನ್ನು ಉದ್ದೇಶಿಸಿ ಅವನ್ನು ಆಡುವುದು ಮಾತ್ರ ಬೇರೆಯೇ ವಿಷಯ. ಸಾರ್ವಜನಿಕವಾಗಿ ಅವಮಾನಿಸುವ ಉದ್ದೇಶವಿದ್ದರೆ ಅದು 2016ರ ಕಾಯಿದೆಯ 92ನೆಯ ಪ್ರಕರಣದಂತೆ ಅಪರಾಧ.

ನಮ್ಮ ತೊಡಕು ಇರುವುದು ಗೌರವಕ್ಕೆಂದೇ ನಿರ್ಮಿಸಿದ ಸಂಸ್ಕೃತ ಸಮಾಸಗಳಲ್ಲಿ. ‘ಬುದ್ಧಿಮಾಂದ್ಯ’ವು ಇಂಗ್ಲಿಷಿನ ‘ರಿಟಾರ್ಡೇಷನ್’ಗೆ ಸರಿಸಾಟಿ, ಎರಡರ ಮೂಲದಲ್ಲಿಯೂ ನಿಧಾನ ಎಂಬ ಅರ್ಥವೇ ಇದೆ. ‘ಅಗ್ನಿಮಾಂದ್ಯ’ದಲ್ಲಿ ನಿರುಪದ್ರವಿಯಾದ ಮಾಂದ್ಯವು ಬುದ್ಧಿಯ ಜೊತೆ ಸೇರಿದೊಡನೆ ಮನುಷ್ಯನಿಗೆ ಅಂಟುತ್ತದೆ. ಅಂಗವಿಕಲರೆಲ್ಲರಿಗೂ ಕರ್ನಾಟಕ ಸರ್ಕಾರದ ಇಲಾಖೆಯ ಹೆಸರಿನಲ್ಲಿರುವ ‘ವಿಕಲಚೇತನ’ ಪದ ಇನ್ನೂ ವಿಚಿತ್ರವಾದದ್ದು. ಕಾಲಿಲ್ಲದವನ ಚೇತನ ವಿಕಲವಾಗಿರುವುದಿಲ್ಲ. ‘ಜಡ’ಕ್ಕೆ ವಿರುದ್ಧಪದ ‘ಚೇತನ’ವೆಂಬುದನ್ನೂ, ವಿಜ್ಞಾನೇಶ್ವರನು ಜಡನಿಗೆ ಕೊಟ್ಟ ವಿವರಣೆ ‘ವಿಕಲಾಂತಃಕರಣ’ವೆಂಬುದನ್ನೂ ಜೊತೆಗಿಟ್ಟು ನೋಡಿದರೆ, ಪಾಲಿಗೆ ಅನರ್ಹನಾದವನಿಗೆ ಕಲ್ಯಾಣದ ವ್ಯಾಖ್ಯಾನಕಾರ ಬಳಸಿದ ಸಮಾಸವನ್ನೇ ಹೆಚ್ಚುಕಡಿಮೆ ನಾವು ಎಲ್ಲ ಅಂಗವಿಕಲರಿಗೂ ಗೌರವವಾಚಕವಾಗಿ ಹಂಚಿದ್ದೇವೆಂದು ತಿಳಿಯುತ್ತದೆ. ಪದವನ್ನು ಆರಿಸಿದವರಿಗೆ ಈ ಸಂಬಂಧ ಹೊಳೆದಿರಲಾರದು. ‘ವಿಶೇಷಚೇತನ’ವೆಂದು ತಿದ್ದಿಕೊಂಡವರಿಗೆ ಇದರ ಅಳುಕು ಇದ್ದಿರಬಹುದು. 2015ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಯವರು ಸೂಚಿಸಿದ ‘ದಿವ್ಯಾಂಗ’ ಪದವನ್ನು ಅಂಗವಿಕಲರ ಸಂಘಟನೆಗಳೇ ವಿರೋಧಿಸಿದವು. ದೈವತ್ವ ಬೇಡ, ಹಕ್ಕು ಬೇಕು ಎಂಬುದು ಆ ವಿರೋಧದ ತಿರುಳಾಗಿತ್ತು.

ಅವಮಾನವು ಸ್ಥಳೀಯ ಎಂಬುದನ್ನೂ ಮರೆಯಬಾರದು. ಬ್ರಿಟನ್ನಿನ ಸ್ಪಾಸ್ಟಿಕ್ಸ್ ಸೊಸೈಟಿ, ಆ ಪದ ಅಲ್ಲಿನ ಮಕ್ಕಳ ಬೈಗುಳವಾದ್ದರಿಂದ 1994ರಲ್ಲಿ ತನ್ನ ಹೆಸರನ್ನು ಬದಲಿಸಿಕೊಂಡಿತು. 1980ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕಕ್ಕೆ ಅಂಥ ಒತ್ತಡ ಬರಲಿಲ್ಲ. ಕನ್ನಡದ ಬೀದಿಯಲ್ಲಿ ಆ ಪದವನ್ನು ಯಾರೂ ಯಾರ ಮೇಲೂ ಎಸೆದಿರಲಿಲ್ಲ. 2024ರ ಜುಲೈನಲ್ಲಿ ಚಲನಚಿತ್ರಗಳಲ್ಲಿ ಅಂಗವಿಕಲರ ಚಿತ್ರಣವನ್ನು ಕುರಿತ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ‘ಕ್ರಿಪಲ್’, ‘ಸ್ಪಾಸ್ಟಿಕ್’ ಪದಗಳು ಹೀನಾರ್ಥವನ್ನು ಪಡೆದಿವೆಯೆಂದು ಹೇಳಿದಾಗ ಉದಾಹರಣೆಗಳು ಇಂಗ್ಲಿಷಿನವೇ ಆಗಿದ್ದವು. ‘ಮೆಂಟಲ್’, ‘ಎಂ.ಆರ್.’ಗಳ ಸ್ಥಿತಿಯನ್ನು ಕನ್ನಡಿಗರೇ ಪರಿಶೀಲಿಸಬೇಕಾಗುತ್ತದೆ.

ನಿಘಂಟುಕಾರನಿಗೆ ಯಾವ ಪದವನ್ನೂ ಅಳಿಸುವ ಅಧಿಕಾರವಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಯಾವ ಕಾಲದಿಂದ ಅದು ನಿಂದಾರ್ಥವಾಯಿತೆಂದು ಗುರುತಿಸುವ ಹೊಣೆ ಮಾತ್ರ ಅವನದು. ಹಳೆಯ ಗ್ರಂಥಗಳ ಸಂಪಾದಕನೂ ‘ಜಡ’ವನ್ನು ‘ಬೌದ್ಧಿಕ ವಿಕಲ’ನೆಂದು ತಿದ್ದಕೂಡದು. ತಿದ್ದಿದರೆ ಪಾಲು ಕಳೆದುಕೊಂಡವನ ದಾಖಲೆಯೇ ಅಳಿಸಿದಂತಾಗುತ್ತದೆ. ಆದರೆ ಶಾಸನಗಳನ್ನೂ ಸರ್ಕಾರಿ ನಮೂನೆಗಳನ್ನೂ ಕನ್ನಡಿಸುವವರ ಸ್ಥಿತಿ ಬೇರೆ. ಅವರು 2016ರ ಕಾಯಿದೆಯ ಪದಕ್ಕೂ 1995ರ ಕಾಯಿದೆಯ ಪದಕ್ಕೂ ಒಂದೇ ‘ಬುದ್ಧಿಮಾಂದ್ಯ’ವನ್ನು ಬಳಸಿದರೆ ಎರಡರ ನಡುವೆ ಆದ ಹಕ್ಕಿನ ಬದಲಾವಣೆ ಕನ್ನಡದ ಓದುಗನಿಗೆ ಕಾಣದೆ ಹೋಗುತ್ತದೆ.

ಅನುವಾದಕನ ಕೈಯನ್ನು ಎಲ್ಲಕ್ಕಿಂತ ಹೆಚ್ಚು ತಡೆಯುವ ಪ್ರಕರಣ 1963ರ ಕಾಲಮಿತಿ ಕಾಯಿದೆಯಲ್ಲಿದೆ. ಅದರ 6ನೆಯ ಪ್ರಕರಣದಲ್ಲಿ ಅಪ್ರಾಪ್ತವಯಸ್ಕ, ಹುಚ್ಚ ಎಂಬ ಎರಡು ವರ್ಗಗಳ ಪಕ್ಕದಲ್ಲಿ ‘ಈಡಿಯಟ್’ ಇದ್ದಾನೆ. ದಾವೆ ಹೂಡುವ ಹಕ್ಕು ಹುಟ್ಟಿದ ಕಾಲಕ್ಕೆ ಇಂಥ ಸ್ಥಿತಿಯಲ್ಲಿದ್ದವನಿಗೆ ಕಾಲಮಿತಿ ಓಡುವುದಿಲ್ಲ. ಸ್ಥಿತಿ ನಿವಾರಣೆಯಾದ ಮೇಲೆ ಅವನು ದಾವೆ ಹೂಡಬಹುದು, ಸಾಯುವವರೆಗೂ ಅದು ಮುಂದುವರಿದರೆ ಅವನ ವಾರಸುದಾರರು ಹೂಡಬಹುದ. ಈ ಹೆಚ್ಚುವರಿ ಕಾಲಕ್ಕೆ 8ನೆಯ ಪ್ರಕರಣ ಮೂರು ವರ್ಷಗಳ ಮಿತಿಯನ್ನು ಹಾಕಿದೆ. ಆ ಪದವನ್ನು ಸುಮ್ಮನೆ ಅಳಿಸಿದರೆ ರಕ್ಷಣೆಯೂ ಅಳಿಯುತ್ತದೆ, ‘ಮಾನಸಿಕ ಕಾಯಿಲೆ’ ಎಂದು ಬರೆದರೆ ಅವನು ಹೊರಗುಳಿಯುತ್ತಾನೆ. 1956ರಲ್ಲಿ ದೊರೆತ ಪಾಲನ್ನು ದಾಯಾದಿಗಳು ಕೊಡದಿದ್ದಾಗ ತಡವಾಗಿಯಾದರೂ ನ್ಯಾಯಾಲಯದಲ್ಲಿ ಕೇಳುವ ಅವಕಾಶ ಅವನಿಗಿರುವುದು ಈ ಪ್ರಕರಣದಲ್ಲಿ, ಆ ಹೆಸರಿನಲ್ಲಿ.